ಚೀಲಕ್ಕೆ ಏಳೂವರೆ ಕಿಲೋ ಉಪ್ಪು

ಇಂಡಿ
೯ ಜೂನ್ ೨೦೨೪

ನಜಮಾಳಿಗೆ ಅಮ್ಮನ ಸಲಾಂ, ದುವಾ.

ನಿನ್ನೆ ಫೋನಿನಲ್ಲಿ ನಾವಿಬ್ಬರೂ ಜಗಳವಿಲ್ಲದೆ ಮಾತಾಡಿದ್ದು ಮೂರು ನಿಮಿಷ. ನಾಲ್ಕನೆಯ ನಿಮಿಷಕ್ಕೆ ನೀನು ಫೋನಿಟ್ಟೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದದಲ್ಲಿ ನನ್ನ ಮಾತಿಗೆ ಅಡ್ಡ ಬರಲು ನಿನಗೆ ಆಗುವುದಿಲ್ಲ. ಅಂಚೆ ಕಚೇರಿಯಲ್ಲಿ ಕವರು ಕೇಳಿದರೆ ಅಲ್ಲಿದ್ದವನು, "ಕೋರ್ಟ್ ಕೆಲಸ ಐತೇನ್ರಿ?" ಅಂದ. ಮಗಳಿಗೆ ಬರೆಯಬೇಕು ಅಂದೆ. ಅವನಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮ ಲಿಂಬೆ ಉಪ್ಪಿನಕಾಯಿ ಕೆಡುತ್ತಿದೆ. ಕಾರ್ಖಾನೆ ಹಾಕಿ ಇಪ್ಪತ್ತೆರಡು ವರ್ಷವಾಯಿತು, ಈ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ನಮ್ಮ ಮಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಳ್ಳುವ ಹುಬ್ಬಳ್ಳಿಯ ಅಂಗಡಿಯವರು ಏಪ್ರಿಲ್‌ನಲ್ಲಿ ನಲವತ್ತು ಬಾಟಲಿ ವಾಪಸು ಕಳಿಸಿದರು. ಮುಚ್ಚಳಗಳೆಲ್ಲ ಪೂರಿಯ ಹಾಗೆ ಉಬ್ಬಿದ್ದವು. ಬಿಸಿಲಿಗೆ ಹೀಗಾಗಿರಬೇಕು ಎಂದುಕೊಂಡು ಬೇರೆ ಬಾಟಲಿ ಕೊಟ್ಟೆ. ಕಳೆದ ವಾರ ಅರವತ್ತೊಂದು ಬಂದವು. ಜೊತೆಗೆ ಒಂದು ಕಾಗದವೂ ಬಂತು. ಮೂರನೆಯ ಸಲ ಹೀಗಾದರೆ ನಿಮ್ಮ ಮಾಲು ತರಿಸುವುದಿಲ್ಲ, ದಸರೆಗೆ ಕಳಿಸುವ ಮಾಲನ್ನು ನೋಡಿ ತೀರ್ಮಾನ ಮಾಡುತ್ತೇವೆ ಅಂತ ಅದರಲ್ಲಿ ಬರೆದಿದ್ದಾರೆ. ಅವರು ಕೈಬಿಟ್ಟರೆ ನಮ್ಮಲ್ಲಿ ಕೆಲಸ ಮಾಡುವ ಹದಿನಾಲ್ಕು ಹೆಂಗಸರಲ್ಲಿ ಎಂಟು ಜನರನ್ನು ಮನೆಗೆ ಕಳಿಸಬೇಕಾಗುತ್ತದೆ. ಯಾವ ಎಂಟು ಜನ ಎಂದು ಆರಿಸುವುದು ನನ್ನಿಂದ ಆಗುವುದಿಲ್ಲ.

ಉಪ್ಪಿನಕಾಯಿ ಹಾಕುವುದನ್ನು ನನಗೆ ಕಲಿಸಲು ಬರಬೇಡ ಎಂದು ಆರು ವರ್ಷದ ಹಿಂದೆ ನಾನೇ ಅಂದಿದ್ದು ನೆನಪಿದೆ. ರೈತರು ತರುವ ಚೀಲಗಳನ್ನು ತೂಗಿಯೇ ತೆಗೆದುಕೊಳ್ಳಬೇಕು ಎಂದು ನೀನು ಹಟ ಹಿಡಿದೆ. ಎಣಿಸಿ ಕೊಟ್ಟವರ ಚೀಲವನ್ನು ತಕ್ಕಡಿಗೆ ಹಾಕಿದರೆ ಅವರನ್ನು ಕಳ್ಳರೆಂದ ಹಾಗೆ ಎಂದು ನಾನು ಹಟ ಹಿಡಿದೆ. ನೀನು ಕೊಲ್ಹಾಪುರಕ್ಕೆ ಹೋಗಿ ಪಂಪಿನ ಕಾರ್ಖಾನೆ ಸೇರಿಕೊಂಡೆ. ಅಲ್ಲಿಗೆ ಊರೂರಿನಿಂದ ಬರುವ ಬಿಡಿಭಾಗಗಳಲ್ಲಿ ತಪ್ಪು ಹುಡುಕುವುದೇ ನಿನ್ನ ಕೆಲಸವಂತೆ. ತಪ್ಪು ಹುಡುಕುವುದರಲ್ಲಿ ನೀನು ಚಿಕ್ಕಂದಿನಿಂದಲೂ ಗಟ್ಟಿ. ಈಗ ತಾಯಿಗೂ ಒಂದು ಹುಡುಕಿಕೊಡು.

ನನ್ನ ಅನುಮಾನವೆಲ್ಲ ಸಿಂದಗಿಯ ಮುಚ್ಚಳದ ವ್ಯಾಪಾರಿಯ ಮೇಲೆ. ನಾಳೆ ಅವನನ್ನು ವಿಚಾರಿಸಿಕೊಳ್ಳಲು ಹೋಗುತ್ತಿದ್ದೇನೆ.

ನಿನ್ನ ಅಮ್ಮ
ಜೋಹರಾಬಿ


ಕೊಲ್ಹಾಪುರ
೧೭ ಜೂನ್ ೨೦೨೪

ಅಮ್ಮಾ, ಸಲಾಂ.

ನಿನ್ನ ಕಾಗದ ಕೈಗೆ ಬಂದಾಗ ಯಾರಿಗೋ ಏನೋ ಆಗಿದೆ ಎಂದುಕೊಂಡೆ. ಒಡೆದು ಓದಿದ ಮೇಲೆ ನಗು ಬಂತು. ಆಮೇಲೆ ಆ ಎಂಟು ಜನರ ಮಾತು ಓದಿ ನಗು ನಿಂತಿತು.

ದಯವಿಟ್ಟು ಸಿಂದಗಿಗೆ ಹೋಗಬೇಡ. ಹೋಗಿ ಬಂದಿದ್ದರೆ ಇನ್ನೊಬ್ಬರ ಹತ್ತಿರ ಹೋಗಬೇಡ. ನಮ್ಮ ಕೆಲಸದಲ್ಲಿ ಮೊದಲ ಪಾಠವೇ ಇದು. ಯಾರು ತಪ್ಪು ಮಾಡಿದರು ಎಂದು ಕೇಳಬಾರದು, ಏಕೆ ಹೀಗಾಯಿತು ಎಂದು ಕೇಳಬೇಕು. ಯಾರು ಎಂದು ಕೇಳಿದರೆ ಎಲ್ಲರೂ ಬೆನ್ನ ಹಿಂದೆ ಕೈ ಕಟ್ಟಿಕೊಳ್ಳುತ್ತಾರೆ, ನಿಜ ಹೊರಗೆ ಬರುವುದಿಲ್ಲ. ಹೋದ ವರ್ಷ ಇಲ್ಲಿ ಪಂಪು ಸೋರತೊಡಗಿದಾಗ ರಬ್ಬರು ವಾಷರ್ ಕೊಡುವವನಿಗೆ ಎಲ್ಲರೂ ಬೈದರು. ಏಕೆ, ಏಕೆ ಎಂದು ಕೇಳುತ್ತ ಹೋದರೆ, ನಮ್ಮದೇ ಉಗ್ರಾಣದಲ್ಲಿ ವಾಷರಿನ ಡಬ್ಬಿಗಳನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಜೋಡಿಸಿದ್ದರು. ಒಂದು ಸಲ ಏಕೆ ಎಂದರೆ ಸಾಲದು. ಬಂದ ಉತ್ತರಕ್ಕೆ ಮತ್ತೆ ಏಕೆ ಅನ್ನಬೇಕು. ಹೀಗೆ ಐದು ಸಲ ಕೇಳುವ ಹೊತ್ತಿಗೆ ಬೇರು ಸಿಗುತ್ತದೆ.

ಇದರ ಜೊತೆ ಒಂದು ಚಿತ್ರ ಕಳಿಸಿದ್ದೇನೆ. ಮೀನಿನ ಮುಳ್ಳಿನ ಹಾಗೆ ಕಾಣುತ್ತದೆ. ತಲೆಯ ಜಾಗದಲ್ಲಿ ನಮ್ಮ ತೊಂದರೆ, ಅಂದರೆ ಉಬ್ಬಿದ ಮುಚ್ಚಳ. ಒಂದೊಂದು ಮುಳ್ಳಿಗೆ ಒಂದೊಂದು ಕಾರಣ ಬರೆ. ಲಿಂಬೆ, ಉಪ್ಪು, ಖಾರ, ಬಾಟಲಿ, ಮುಚ್ಚಳ, ಸಾಗಾಟ, ನಮ್ಮ ಕೈ. ಎಲ್ಲ ಹೆಂಗಸರನ್ನೂ ಕೂಡಿಸಿ ಕೇಳು. ಅವರು ಹೇಳಿದ್ದನ್ನು ಬರೆದುಕೋ, ನೀನು ಹೇಳಬೇಡ. ಇದು ನಿನಗೆ ಕಷ್ಟ, ಗೊತ್ತು.

ನಿನ್ನ
ನಜಮಾ


ಇಂಡಿ
೨ ಜುಲೈ ೨೦೨೪

ನಜಮಾಳಿಗೆ ದುವಾ.

ನಿನ್ನ ಕಾಗದ ಬರುವ ಮುಂಚೆಯೇ ಸಿಂದಗಿಗೆ ಹೋಗಿ ಬಂದಿದ್ದೆ. ಬಸವನ ಬಾಗೇವಾಡಿಗೂ ಹೋಗಿದ್ದೆ, ಅಲ್ಲಿಯ ಖಾರದ ಗಿರಣಿಯವನಿಗೂ ಅಷ್ಟೇ ಮರ್ಯಾದೆ ಮಾಡಿ ಬಂದೆ. ಮುಚ್ಚಳದವನು ಪಾಪ, ಒಂದು ಮಾತೂ ಆಡದೆ ಹೊಸ ಮುಚ್ಚಳ ಕೊಟ್ಟ. ಅದೇ ಮುಚ್ಚಳವನ್ನು ಮುದ್ದೇಬಿಹಾಳದ ಅಂಗಡಿಗೆ ಕಳಿಸಿದ ಬಾಟಲಿಗಳಿಗೆ ಹಾಕಿದೆ. ಅಲ್ಲೂ ಆರು ಉಬ್ಬಿದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಗಾದೆ ನನ್ನನ್ನು ನೋಡಿಯೇ ಮಾಡಿರಬೇಕು. ಇಬ್ಬರಿಗೂ ತಪ್ಪಾಯಿತೆಂದು ಹೇಳಿ ಒಂದೊಂದು ಬಾಟಲಿ ಉಪ್ಪಿನಕಾಯಿ ಕಳಿಸಿದೆ. ಸಿಂದಗಿಯವನು ಅದನ್ನು ಒಡೆಯುವ ಮುಂಚೆ ಮುಚ್ಚಳವನ್ನು ಬೆರಳಿನಿಂದ ತಟ್ಟಿ ನೋಡಿದನಂತೆ.

ಮೀನಿನ ಚಿತ್ರವನ್ನು ಗೋಡೆಗೆ ಅಂಟಿಸಿದ್ದೇನೆ. ಆರು ವರ್ಷದ ಹಿಂದೆ ನೀನು ಹಸಿರು ಬಣ್ಣದಲ್ಲಿ ಬರೆದು ಹೋದೆಯಲ್ಲ, "ಒಂದು ಚೀಲ ಸಾವಿರ ಕಾಯಿ, ಚೀಲಕ್ಕೆ ಏಳೂವರೆ ಕಿಲೋ ಉಪ್ಪು" ಎಂದು, ಅದರ ಕೆಳಗೆ. ಎಲ್ಲರೂ ಬಂದು ನೋಡಿದರು. ಕೊಲ್ಹಾರದ ಅಬಿದಾ ಹೊಳೆಯ ದಂಡೆಯಲ್ಲಿ ಬೆಳೆದವಳು, ಬಹಳ ಹೊತ್ತು ನೋಡಿ, "ಇಂಥ ಮೀನ ನಮ್ಮ ಕೃಷ್ಣಾದಾಗ ಸಿಗಂಗಿಲ್ರಿ" ಅಂದಳು. ಆ ದಿನ ಅರ್ಧ ಗಂಟೆ ಯಾರ ಕೈಯೂ ಈಳಿಗೆಯ ಮೇಲೆ ನಿಲ್ಲಲಿಲ್ಲ, ಅಷ್ಟು ನಕ್ಕರು.

ನಕ್ಕ ಮೇಲೆ ಮಾತು ಬಂತು. ನಾನು ಬಾಯಿ ಮುಚ್ಚಿ ಬರೆದುಕೊಂಡೆ. ಮುಳ್ಳು ಸಾಲದೆ ಅಂಚಿಗೆಲ್ಲ ಬರೆದಿದ್ದೇನೆ. ಪ್ಯಾಕಿಂಗ್ ನೋಡಿಕೊಳ್ಳುವ ಸುನೀತಾ ಒಬ್ಬಳೇ ಇಪ್ಪತ್ತು ಕಾರಣ ಹೇಳಿದಳು. ಅದರಲ್ಲಿ ಒಂದು, "ಅಮ್ಮಾರ ಸಿಟ್ಟು". ಅದನ್ನೂ ಬರೆದುಕೊಂಡಿದ್ದೇನೆ, ನೀನು ಹೇಳಿದಂತೆ.

ಈಗ ಇಪ್ಪತ್ತೇಳು ಕಾರಣ ಇವೆ. ದಸರೆಗೆ ಮೂರು ತಿಂಗಳು. ಮುಂದೇನು?

ಅಮ್ಮ


ಕೊಲ್ಹಾಪುರ
೯ ಜುಲೈ ೨೦೨೪

ಅಮ್ಮಾ, ಸಲಾಂ.

"ಅಮ್ಮಾರ ಸಿಟ್ಟು" ಬರೆದುಕೊಂಡೆಯಲ್ಲ, ಅಲ್ಲಿಗೆ ಅರ್ಧ ಕೆಲಸ ಆಯಿತು. ನನ್ನ ಮೇಲಧಿಕಾರಿಗೆ ಓದಿ ಹೇಳಿದೆ. ಇಂಥ ತಾಯಿ ನಮ್ಮ ಕಾರ್ಖಾನೆಗೆ ಬೇಕು ಅಂದರು. ಬೇಡ ಅಂದೆ.

ಇನ್ನು ಊಹೆ ಸಾಕು, ಗುರುತು ಬೇಕು. ಉಪ್ಪು ಹಾಕಿ ಇಡುವ ಒಂದೊಂದು ಡ್ರಮ್ಮಿಗೂ ಒಂದು ಚೀಟಿ ಕಟ್ಟಿಸು. ಯಾವ ದಿನ ಹಾಕಿದ್ದು, ಉಪ್ಪು ಯಾವ ಅಂಗಡಿಯದು, ಕೊಯ್ದವರು ಯಾರು. ಲಿಂಬೆ ಯಾರ ತೋಟದ್ದು ಎನ್ನುವುದಕ್ಕೆ ಬಣ್ಣದ ದಾರ ಕಟ್ಟು, ಒಬ್ಬೊಬ್ಬ ರೈತನಿಗೆ ಒಂದು ಬಣ್ಣ. ಒಂದೇ ಡ್ರಮ್ಮಿನಲ್ಲಿ ಇಬ್ಬರ ಕಾಯಿ ಬೆರೆಸಬೇಡಿ. ಯಾವ ಡ್ರಮ್ಮು ನೊರೆ ಬಿಡುತ್ತದೋ ಅದರ ಚೀಟಿ ಮಾತ್ರ ನೋಡಿದರೆ ಸಾಕು, ಅದು ತಾನೇ ಹೇಳುತ್ತದೆ.

ಯಾರ ಮೇಲೂ ಅನುಮಾನವಿಲ್ಲ ಎಂದು ಎಲ್ಲರಿಗೂ ಹೇಳು. ಚೀಟಿ ಡ್ರಮ್ಮಿಗೆ ಕಟ್ಟುತ್ತೇವೆ, ಯಾರ ಕೊರಳಿಗೂ ಅಲ್ಲ.

ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ ಇಲ್ಲವೋ ಅದನ್ನೂ ಬರೆ.

ನಜಮಾ


ಇಂಡಿ
೧೧ ಆಗಸ್ಟ್ ೨೦೨೪

ನಜಮಾಳಿಗೆ ದುವಾ.

ಚೀಟಿ ಕಟ್ಟಿದ್ದು ಹದಿನೆಂಟು ಡ್ರಮ್ಮಿಗೆ. ಹೊರ್ತಿಯ ಅಮೋಘಸಿದ್ಧನಿಗೆ ಹಳದಿ ದಾರ, ತಾಂಬಾದ ಶೇವಂತೆವ್ವನಿಗೆ ನೀಲಿ, ಉಳಿದ ನಾಲ್ವರು ರೈತರಿಗೆ ಕೆಂಪು, ಬಿಳಿ, ಹಸಿರು, ಕಪ್ಪು. ಕಪ್ಪು ದಾರ ತನಗೇಕೆ ಎಂದು ಒಬ್ಬ ಮುಖ ಸಣ್ಣದು ಮಾಡಿದ. ಅವನಿಗೆ ಗುಲಾಬಿ ಕೊಟ್ಟೆ. ಈಗ ಆ ಬಣ್ಣಕ್ಕೂ ಮುಖ ಸಣ್ಣದು ಮಾಡುತ್ತಾನೆ.

ಮೊದಲು ಇದೆಲ್ಲ ಮಕ್ಕಳಾಟ ಎನಿಸಿತ್ತು. ಈಗ ಚೀಟಿ ಬರೆಯದಿದ್ದರೆ ಕೈ ಕಡಿಯುತ್ತದೆ. ಮನೆಯಲ್ಲಿ ಗ್ಯಾಸ್ ಸಿಲಿಂಡರಿಗೂ ಹಾಕಿದ ದಿನದ ಚೀಟಿ ಕಟ್ಟಿದ್ದೇನೆ. ಸುನೀತಾ ತನ್ನ ಗಂಡನಿಗೂ ಒಂದು ಕಟ್ಟಬೇಕು ಎನ್ನುತ್ತಾಳೆ, ಎಷ್ಟು ಗಂಟೆಗೆ ಹೋದ, ಎಷ್ಟಕ್ಕೆ ಬಂದ ಎಂದು. ಒಂದು ಲಾಭ ಆಗಲೇ ಆಯಿತು. ಲಿಂಬೆ ಬಂದು ಕೊಯ್ಯುವವರೆಗೆ ಕೆಲವು ಚೀಲ ಮೂರು ದಿನ ಕಾಯುತ್ತಿದ್ದವು, ಕೆಲವು ಅದೇ ದಿನ ಒಳಗೆ ಹೋಗುತ್ತಿದ್ದವು. ಟೆಂಪೋದ ಕಾಂತು ಎಲ್ಲ ಊರಿನ ಚೀಲ ಒಂದೇ ದಿನ ತಂದು ಸುರಿಯುತ್ತಿದ್ದದ್ದೇ ಕಾರಣ. ಈಗ ಸೋಮವಾರ ತಾಂಬಾ, ಬುಧವಾರ ಹೊರ್ತಿ, ಶುಕ್ರವಾರ ಉಳಿದವರು. ಬಂದ ಚೀಲ ಅವತ್ತೇ ಖಾಲಿ. ಕಾಂತುಗೂ ಸೊಂಟ ನೋವು ಕಡಿಮೆಯಾಗಿದೆಯಂತೆ.

ಡ್ರಮ್ಮಿಗೆ ಎರಡು ಚೀಲ, ಹದಿನೈದು ಕಿಲೋ ಉಪ್ಪು, ಗೋಡೆಯ ಮೇಲಿದ್ದಂತೆ. ಎಲ್ಲರದೂ ಒಂದೇ ಲೆಕ್ಕ. ಆದರೂ ಶೇವಂತೆವ್ವನ ಡ್ರಮ್ಮು ಯಾವಾಗಲೂ ಒಂದು ಗೇಣು ಮೇಲೇ ತುಂಬುತ್ತದೆ. ಅವಳ ಕೈಯ ಬರಕತ್ತು ಅದು, ಎಲ್ಲರೂ ಹಾಗೇ ಅನ್ನುತ್ತಾರೆ.

ಮೊಣಕಾಲು ಪರವಾಗಿಲ್ಲ. ಹದಿನೆಂಟರಲ್ಲಿ ಮೂರು ಡ್ರಮ್ಮು ನೊರೆ ಬಿಟ್ಟು ಕೆಟ್ಟಿವೆ. ಮೂರಕ್ಕೂ ಒಂದೇ ಬಣ್ಣದ ದಾರ ಇದೆ. ಯಾವ ಬಣ್ಣ ಎಂದು ಬರೆಯಲು ಮರೆತೆ ಎಂದು ತಿಳಿದುಕೋ.

ಅಮ್ಮ


ಕೊಲ್ಹಾಪುರ
೧೮ ಆಗಸ್ಟ್ ೨೦೨೪

ಅಮ್ಮಾ,

ನೀಲಿ. ನೀನು ಮರೆಯುವವಳಲ್ಲ.

ನನಗೂ ಬರೆಯಲು ಕೈ ಬರುತ್ತಿಲ್ಲ. ಅಬ್ಬಾ ತೀರಿಕೊಂಡ ವರ್ಷ ನೀನು ಅಡುಗೆಮನೆಯಲ್ಲೇ ಉಪ್ಪಿನಕಾಯಿ ಹಾಕಲು ಕುಳಿತಾಗ ಮೊದಲ ಎರಡು ಚೀಲ ಲಿಂಬೆ ತಲೆಯ ಮೇಲೆ ಹೊತ್ತು ತಂದವಳು ಶೇವಂತೆವ್ವ. ಚೀಲ ಇಳಿಸಿ ಹೋಗಲಿಲ್ಲ, ಈಳಿಗೆ ಎಳೆದುಕೊಂಡು ಕೊಯ್ಯಲೂ ಕುಳಿತಳು. ನಾನು ಒಂಬತ್ತು ವರ್ಷದವಳು, ಅವಳ ಪಕ್ಕದಲ್ಲಿ ಕುಳಿತು ಬೀಜ ತೆಗೆದಿದ್ದೇನೆ. ಅವಳ ಕಾಯಿಯಲ್ಲಿ ದೋಷ ಇದೆ ಎಂದು ನನಗೆ ನಂಬಲು ಆಗುತ್ತಿಲ್ಲ. ಆದರೆ ಮೂರಕ್ಕೆ ಮೂರೂ ನೀಲಿ ಎಂದರೆ ಅದು ಆಕಸ್ಮಿಕವೂ ಅಲ್ಲ.

ಕಾರಣ ಸಿಗುವವರೆಗೆ ಹುಬ್ಬಳ್ಳಿಯ ಮಾಲಿಗೆ ನೀಲಿ ದಾರದ ಡ್ರಮ್ಮು ಬೇಡ. ಇದನ್ನು ನೀನು ಮಾಡಲೇಬೇಕು, ಎಂಟು ಹೆಂಗಸರ ಮಾತಿದು. ಅವಳಿಂದ ಲಿಂಬೆ ಕೊಳ್ಳುವುದನ್ನೇ ನಿಲ್ಲಿಸಬೇಕೋ ಏನೋ, ಅದನ್ನು ಆಮೇಲೆ ನೋಡೋಣ.

ಅದಕ್ಕೆ ಮೊದಲು ಒಂದು ಕೆಲಸ ಮಾಡು. ಕೆಲಸ ಎಲ್ಲಿ ನಡೆಯುತ್ತದೋ ಅಲ್ಲಿಗೇ ಹೋಗಿ ನಿಂತು ನೋಡಬೇಕು ಎಂದು ನಮ್ಮಲ್ಲಿ ಒಂದು ಪದ್ಧತಿ ಇದೆ. ತಾಂಬಾಕ್ಕೆ ಹೋಗು. ಅವಳು ಕಾಯಿ ಹರಿಯುವುದರಿಂದ ಚೀಲ ಹೊಲಿಯುವವರೆಗೆ ಪಕ್ಕದಲ್ಲಿ ನಿಂತು ನೋಡು. ಬೈಯಬೇಡ, ಕೇಳಬೇಡ, ಸಲಹೆ ಕೊಡಬೇಡ. ಎರಡು ಗಂಟೆ ಬಾಯಿ ಮುಚ್ಚಿಕೊಂಡಿರು.

ನಜಮಾ


ಇಂಡಿ
೨೨ ಸೆಪ್ಟೆಂಬರ್ ೨೦೨೪

ನಜಮಾಳಿಗೆ ಅಮ್ಮನ ದುವಾ.

ಒಂದು ತಿಂಗಳು ಕಾಗದ ಬರೆಯಲಿಲ್ಲ. ನೀನು ಮಾಡಿದ ಫೋನುಗಳಿಗೆ ಹವಾಮಾನದ ಸುದ್ದಿ ಹೇಳಿ ಇಟ್ಟುಬಿಟ್ಟೆ. ನಿಜ ಹೇಳುತ್ತೇನೆ, ಅಂಜಿಕೆಯಾಗಿತ್ತು. ಎರಡು ಸಲ ಕಾಂತುವಿನ ಟೆಂಪೋದಲ್ಲಿ ತಾಂಬಾಕ್ಕೆ ಹೋದೆ. ಎರಡು ಸಲವೂ ಬಸ್ ನಿಲ್ದಾಣದ ಹತ್ತಿರ ಇಳಿದು, ಬದನೆಕಾಯಿ ಕೊಂಡು, ವಾಪಸು ಬಂದೆ. ಮನೆಯಲ್ಲಿ ಬದನೆಕಾಯಿ ತಿಂದು ತಿಂದು ಸಾಕಾಯಿತು. ಅವಳ ಕಾಯಿ ಕೆಟ್ಟದ್ದು ಎಂದು ಅವಳ ಮುಖಕ್ಕೆ ಹೇಳಬೇಕಾದ ದಿನ ಬಂದರೆ ಕಾರ್ಖಾನೆ ಮುಚ್ಚಿಬಿಡೋಣ ಅಂತ ಕೂಡ ಒಂದು ಗಳಿಗೆ ಅನಿಸಿತ್ತು.

ಕೊನೆಗೆ ಮೊನ್ನೆ ಸೋಮವಾರ ಹೋದೆ. ಶೇವಂತೆವ್ವ ತೋಟದಲ್ಲಿ ಬೇವಿನ ಮರದ ಕೆಳಗೆ ಕಾಯಿ ರಾಶಿ ಹಾಕಿಕೊಂಡು ಎಣಿಸುತ್ತ ಕುಳಿತಿದ್ದಳು. ನನ್ನನ್ನು ನೋಡಿ ಏಳಲು ಹೋದಳು. ನೀ ಎಣಿಸು, ನಾ ಸುಮ್ಮನೆ ಬಂದೆ ಅಂದೆ. ಪಕ್ಕದಲ್ಲಿ ಕುಳಿತೆ. ಬಾಯಿ ಮುಚ್ಚಿಕೊಂಡೆ. ನನಗೆ ಆರಾಮಿಲ್ಲವೇನೋ ಎಂದು ಅವಳು ಮೂರು ಸಲ ಕೇಳಿದಳು.

ಐದೈದರಂತೆ ಎಣಿಸುತ್ತಾಳೆ. ನೂರಾದಾಗ ನೆನಪಿಗೆ ಒಂದು ಕಾಯಿ ಬದಿಗಿಡುತ್ತಾಳೆ. ಅದು ಎಲ್ಲರೂ ಮಾಡುವುದೇ, ಸಾವಿರ ಮುಗಿದ ಮೇಲೆ ಬದಿಗಿಟ್ಟ ಆ ಹತ್ತು ಕಾಯಿಯನ್ನು ಕೊಸರು ಎಂದು ಚೀಲಕ್ಕೇ ಸೇರಿಸುತ್ತಾರೆ. ಆದರೆ ಇವಳು ನೂರು ಎಣಿಸಿದಾಗಲೆಲ್ಲ ರಾಶಿಯಲ್ಲಿ ಹುಡುಕಿ ಹುಡುಕಿ ದೊಡ್ಡ ದೊಡ್ಡ ಕಾಯಿ ಆರಿಸಿ ಬೊಗಸೆ ತುಂಬಿ ಚೀಲಕ್ಕೆ ಸುರಿಯುತ್ತಾಳೆ. ಒಂದು ಬೊಗಸೆ, ಮತ್ತೆ ಇನ್ನೊಂದು. ನಾಲ್ಕು ನೂರರವರೆಗೆ ತಡೆದೆ. ಐದನೆಯ ನೂರಕ್ಕೆ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ಇದೇನು ಎಂದು ಕೇಳಿಯೇಬಿಟ್ಟೆ.

"ಕೊಸರು, ತಂಗಿ" ಅಂದಳು.

ಮಂದಿ ಸಾವಿರಕ್ಕೆ ಹತ್ತು ಹಾಕುತ್ತಾರೆ, ನೀನು ನೂರಕ್ಕೆ ಇಷ್ಟು ಹಾಕುತ್ತೀಯಲ್ಲ ಎಂದೆ.

"ಮಂದಿ ಮಂದಿಗಿ ಹಾಕ್ತಾರ. ನಾ ನಿನಗ ಹಾಕಾಕತ್ತೇನಿ" ಅಂದಳು.

ಯಾವಾಗಿನಿಂದ ಎಂದು ಕೇಳಿದೆ. ಮೊದಲಿನಿಂದಲೂ ಮಂದಿಗಿಂತ ತುಸು ಹೆಚ್ಚೇ ಇತ್ತಂತೆ. ಹೋದ ಚಳಿಗಾಲದಲ್ಲಿ ನಾನು ವಿಜಯಪುರಕ್ಕೆ ಕರೆದುಕೊಂಡು ಹೋಗಿ ಅವಳ ಎರಡೂ ಕಣ್ಣಿನ ಪೊರೆ ತೆಗೆಸಿದೆನಲ್ಲ, ಅಲ್ಲಿಂದ ಬೊಗಸೆ ಎರಡಾಯಿತಂತೆ. "ಮೊದಲ ಕೈಗೆ ಸಿಕ್ಕದ್ದ ಹಾಕತಿದ್ದೆ. ಈಗ ದೊಡ್ಡವು ಕಣ್ಣಿಗಿ ಕಾಣ್ತಾವ" ಅಂದಳು.

ಅವಳ ಕೈಯ ರೊಟ್ಟಿ ತಿಂದು, ಒಂದು ಚೀಲ ಟೆಂಪೋಗೆ ಹಾಕಿಸಿಕೊಂಡು ಬಂದೆ. ಇಂಡಿಯಲ್ಲಿ ದನದ ಹಿಂಡಿ ಮಾರುವ ಅಂಗಡಿಯ ಮುಂದೆ ಟೆಂಪೋ ನಿಲ್ಲಿಸಲು ಹೇಳಿದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಶೇವಂತೆವ್ವನ ಚೀಲವನ್ನು ತಕ್ಕಡಿಗೆ ಹಾಕಿದೆ, ಯಾರಾದರೂ ನೋಡಿಯಾರು ಎಂದು ಸೆರಗು ಮುಖಕ್ಕೆ ಎಳೆದುಕೊಂಡು. ಹೋಲಿಸಿ ನೋಡಲು ಅಮೋಘಸಿದ್ಧನದೂ ಒಂದು ಚೀಲ ತರಿಸಿಕೊಂಡಿದ್ದೆ, ಅದು ನಲವತ್ತೆರಡು ಕಿಲೋ ಬಂತು. ಶೇವಂತೆವ್ವನದು ಐವತ್ತಮೂರು. ಕಾಂತು ತಕ್ಕಡಿ ಕೆಟ್ಟಿದೆ ಎಂದು ಇಳಿಸಿ ಮತ್ತೆ ಹಾಕಿದ. ಮತ್ತೆ ಐವತ್ತಮೂರು. ನಾನು ಹಿಂಡಿ ಮೂಟೆಯ ಮೇಲೆ ಕುಳಿತು ನಕ್ಕೆ, ಆಮೇಲೆ ಅತ್ತೆ. ಅಂಗಡಿಯವನು ನೀರು ತಂದುಕೊಟ್ಟ.

ನಿನ್ನ ಐದು ಏಕೆ ಈಗ ಕೇಳಿಕೊಂಡೆ. ಮುಚ್ಚಳ ಏಕೆ ಉಬ್ಬಿತು? ಕಾಯಿ ಹುಳಿತು ನೊರೆ ಬಿಟ್ಟಿತ್ತು. ಏಕೆ? ಉಪ್ಪು ಸಾಲಲಿಲ್ಲ. ಏಕೆ ಸಾಲಲಿಲ್ಲ? ಉಪ್ಪು ಹಾಕುವುದು ಚೀಲದ ಲೆಕ್ಕದಲ್ಲಿ, ಚೀಲದೊಳಗಿನ ಕಾಯಿ ಲೆಕ್ಕಕ್ಕಿಂತ ಹೆಚ್ಚು. ಏಕೆ ಹೆಚ್ಚು? ಅವಳಿಗೆ ನನ್ನ ಮೇಲೆ ಜೀವ. ಎಲ್ಲಕ್ಕಿಂತ ಹೆಚ್ಚು ಪ್ರೀತಿ ಇಟ್ಟು ಕಳಿಸಿದ ಕಾಯಿಯೇ ಕೆಟ್ಟುಹೋಯಿತು, ನೋಡು. ಬರಕತ್ತು ಬರಕತ್ತು ಎಂದು ಕೊಂಡಾಡಿದೆವೇ ಹೊರತು ಒಬ್ಬರೂ ಏಕೆ ಎಂದು ಕೇಳಲಿಲ್ಲ.

ಐದನೆಯದನ್ನೂ ಕೇಳಿಕೊಂಡೆ. ಡ್ರಮ್ಮು ಗೇಣು ಮೇಲೆ ತುಂಬಿದ್ದು ಕಂಡರೂ ಜೋಹರಾಬಿ ಏಕೆ ಉಪ್ಪು ಹೆಚ್ಚು ಹಾಕಲಿಲ್ಲ? ಅದಕ್ಕೆ ಉತ್ತರ ಬರೆದಿಲ್ಲ.

ಹುಬ್ಬಳ್ಳಿಯ ಮಾಲು ಬುಧವಾರ ಹೋಗುತ್ತದೆ, ಸಾವಿರದ ಇನ್ನೂರು ಬಾಟಲಿ. ನೀಲಿ ದಾರದ್ದು ಒಂದೂ ಇಲ್ಲ.

ಅಮ್ಮ


ಕೊಲ್ಹಾಪುರ
೨೮ ಸೆಪ್ಟೆಂಬರ್ ೨೦೨೪

ಅಮ್ಮಾ, ಸಲಾಂ.

ಊಟದ ಬಿಡುವಿನಲ್ಲಿ ನಿನ್ನ ಕಾಗದ ಮೂರು ಸಲ ಓದಿದೆ. ಮೊದಲ ಸಲ ನಕ್ಕೆ. ಎರಡನೆಯ ಸಲ ಪಕ್ಕದವಳಿಗೆ ಮರಾಠಿಯಲ್ಲಿ ಹೇಳಿದೆ, ಅವಳು ಕಣ್ಣು ಒರೆಸಿಕೊಂಡಳು. ಮೂರನೆಯ ಸಲ ಓದುವಾಗ ನನಗೆ ನಾಚಿಕೆಯಾಯಿತು.

ಏಕೆಂದರೆ ಗೋಡೆಯ ಮೇಲಿನ ಲೆಕ್ಕ ನನ್ನದು. ತೂಗಲು ನೀನು ಬಿಡಲಿಲ್ಲ ಎಂಬ ಸಿಟ್ಟಿನಲ್ಲಿ, ಹೋಗಲಿ, ಎಣಿಕೆಯ ಮೇಲಾದರೂ ಇರಲಿ ಎಂದು ಸಂತೆಯಲ್ಲಿ ನಾಲ್ಕು ಚೀಲ ತೂಗಿ ನೋಡಿ ಹಸಿರು ಬಣ್ಣದಲ್ಲಿ ಬರೆದೆ. ಸಾವಿರ ಕಾಯಿ ಎಂದರೆ ಸಾವಿರ ಕಾಯಿಯೇ ಎಂದುಕೊಂಡೆ. ನಮ್ಮ ಕಡೆ ಕೊಸರಿಲ್ಲದೆ ಯಾರಾದರೂ ಏನಾದರೂ ಕೊಟ್ಟಿದ್ದಾರೆಯೇ? ಇಂಡಿಯಲ್ಲಿ ಹುಟ್ಟಿ ಬೆಳೆದವಳು ನಾನು, ಇದನ್ನೇ ಮರೆತೆ. ಬೇರೆಯವರ ಕಾರ್ಖಾನೆಯಲ್ಲಿ ತಪ್ಪು ಹುಡುಕಲು ನನಗೆ ಸಂಬಳ ಕೊಡುತ್ತಾರೆ. ನನ್ನ ತಪ್ಪು ಆರು ವರ್ಷ ನಿನ್ನ ಗೋಡೆಯ ಮೇಲಿತ್ತು.

ಇನ್ನು ಮುಂದೆ ತೂಕದ ಲೆಕ್ಕವೇ ಆಗಬೇಕು, ನೂರು ಕಿಲೋ ಕಾಯಿಗೆ ಹದಿನೆಂಟು ಕಿಲೋ ಉಪ್ಪು. ಆದರೆ ಎಲ್ಲರ ಚೀಲ ತೂಗಬೇಕು, ಶೇವಂತೆವ್ವನದೂ. ಅವಳಿಗೆ ಹೇಗೆ ಹೇಳುತ್ತೀಯೋ ನನಗೆ ತಿಳಿಯುತ್ತಿಲ್ಲ. ಇದಕ್ಕೆ ನನ್ನ ಹತ್ತಿರ ಯಾವ ಪದ್ಧತಿಯೂ ಇಲ್ಲ.

ಐದನೆಯದರ ಉತ್ತರ ನನಗೆ ಬೇಕು. ಉಪ್ಪು ಹಿಡಿದರೆ ನಿನ್ನ ಕೈಗೆ ಗೊತ್ತಾಗುತ್ತದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಏಕೆ ಹಾಕಲಿಲ್ಲ?

ನಜಮಾ


ಇಂಡಿ
೨೭ ಅಕ್ಟೋಬರ್ ೨೦೨೪

ನಜಮಾಳಿಗೆ ಅಮ್ಮನ ದುವಾ.

ಹುಬ್ಬಳ್ಳಿಯವರು ಫೋನು ಮಾಡಿದ್ದರು. ಸಾವಿರದ ಇನ್ನೂರರಲ್ಲಿ ಒಂದು ಮುಚ್ಚಳವೂ ಉಬ್ಬಿಲ್ಲ. ಮುಂದಿನ ತಿಂಗಳಿಗೆ ಇನ್ನೂರು ಬಾಟಲಿ ಹೆಚ್ಚು ಕೇಳಿದ್ದಾರೆ. ಎಂಟು ಜನ ಎಲ್ಲೂ ಹೋಗುವುದಿಲ್ಲ. ಯಾವ ಎಂಟು ಎಂದು ನಾನು ಕೊನೆಗೂ ಆರಿಸಲಿಲ್ಲ. ಸುದ್ದಿ ಹೇಳಿದಾಗ ಸುನೀತಾ ಮೀನಿನ ಚಿತ್ರದ ಹತ್ತಿರ ಹೋಗಿ "ಅಮ್ಮಾರ ಸಿಟ್ಟು" ಎನ್ನುವುದನ್ನು ಹೊಡೆದು ಹಾಕಿದಳು. ಮರುದಿನ ಮತ್ತೆ ಬರೆದಳು, ಅದು ಬೇರೆ ಮಾತು.

ತಕ್ಕಡಿ ತಂದು ಬಾಗಿಲಲ್ಲಿ ಇಟ್ಟಿದ್ದೇನೆ. ಆರೂ ಜನ ರೈತರನ್ನು ಒಂದೇ ದಿನ ಕರೆಸಿದೆ. ಅಮೋಘಸಿದ್ಧ ತಕ್ಕಡಿ ನೋಡಿದ್ದೇ ಮುಖ ತಿರುಗಿಸಿ ಚೀಲ ಇಳಿಸದೆ ನಿಂತ. ನಾನು ಶೇವಂತೆವ್ವನಿಗೆ ಮೊದಲು ಹೇಳಿದೆ, ಉಪ್ಪು ಕಡಿಮೆ ಬಿದ್ದು ಕಾಯಿ ಕೆಟ್ಟ ಕಥೆಯನ್ನೆಲ್ಲ. ಇನ್ನು ಕೊಸರು ಹಾಕಬೇಡ ಎಂದೆ. ಅವಳ ಮುಖ ನೋಡಲು ಆಗಲಿಲ್ಲ.

"ಕೊಸರ ಬ್ಯಾಡ ಅಂದ್ರ ನನ್ನ ಬ್ಯಾಡ ಅಂದಂಗ, ತಂಗಿ" ಅಂದಳು.

ಹಾಗಲ್ಲ, ಕೊಸರು ಬೇಕು, ಆದರೆ ಬೇರೆ ಚೀಲದಲ್ಲಿ ಹಾಕಿ ನೀಲಿ ದಾರ ಕಟ್ಟಿ ತಾ, ಅದನ್ನು ತೂಗುವುದಿಲ್ಲ, ಮಾರುವುದೂ ಇಲ್ಲ, ಅದರ ಉಪ್ಪಿನಕಾಯಿ ನಾವು ಹದಿನೈದು ಜನ ಊಟಕ್ಕೆ ಹಾಕಿಕೊಳ್ಳುತ್ತೇವೆ ಎಂದೆ. ಅವಳು ಎದ್ದು ಹೋಗಿ ತಕ್ಕಡಿಯ ಮೇಲೆ ತಾನೇ ಕುಳಿತಳು. ಮೊದಲು ತನ್ನನ್ನು ತೂಗಬೇಕಂತೆ. ನಲವತ್ತಾರು ಕಿಲೋ ಬಂತು. "ನನ್ನ ಚೀಲಕ್ಕಿಂತ ನಾನ ಹಗುರ ಅದೇನಿ" ಅಂದಳು. ಅಮೋಘಸಿದ್ಧನೇ ಮೊದಲು ನಕ್ಕ. ಅವಳು ಇಳಿದ ಮೇಲೆ ತನ್ನ ಚೀಲ ತಾನೇ ಎತ್ತಿ ಇಟ್ಟ. ಇಪ್ಪತ್ತೆರಡು ವರ್ಷ ನಾನು ಅಂಜಿಕೊಂಡಿದ್ದ ಕೆಲಸ ಒಂದು ಗಳಿಗೆಯಲ್ಲಿ ಮುಗಿಯಿತು.

ಈಗ ಐದನೆಯದು.

ನಿಜ, ಕೈಗೆ ಗೊತ್ತಾಗಿತ್ತು. ಅವಳ ಡ್ರಮ್ಮಿಗೆ ಉಪ್ಪು ಹಾಕುವಾಗಲೆಲ್ಲ ಇನ್ನೂ ನಾಲ್ಕು ಹಿಡಿ ಬೇಕು ಎಂದು ಕೈ ಕೇಳುತ್ತಿತ್ತು. ಎರಡು ಸಲ ಹಿಡಿಯಲ್ಲಿ ತೆಗೆದುಕೊಂಡೂ ಇದ್ದೆ. ತಲೆ ಎತ್ತಿದರೆ ಎದುರಿಗೆ ಗೋಡೆಯ ಮೇಲೆ ನಿನ್ನ ಅಕ್ಷರ. ನಿನ್ನ ಮಾತು ಕೇಳಲಿಲ್ಲ ಎಂದು ತಾನೇ ನೀನು ಬಿಟ್ಟು ಹೋದದ್ದು? ನೀನು ಹೋದ ಮೇಲೆ ನಿನ್ನದು ಎಂದು ಇಲ್ಲಿ ಉಳಿದದ್ದು ಆ ಒಂದು ಸಾಲು. ಅದನ್ನಾದರೂ ಕೇಳೋಣ ಎಂದು ಕೈಯಲ್ಲಿದ್ದ ಉಪ್ಪನ್ನು ಮತ್ತೆ ಉಪ್ಪಿನ ಚೀಲಕ್ಕೇ ಹಾಕಿಬಿಟ್ಟೆ. ಆರು ವರ್ಷ ಒಂದು ಹಿಡಿಯೂ ಹೆಚ್ಚು ಹಾಕಲಿಲ್ಲ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ. ಈ ತಾಯಿಗೆ ಉಪ್ಪಿಗಿಂತ ನಿನ್ನ ಹಸಿರು ಅಕ್ಷರವೇ ಹೆಚ್ಚಾಗಿತ್ತು.

ಆ ಸಾಲಿಗೆ ಸುಣ್ಣ ಹೊಡೆಸಿದ್ದೇನೆ. ಹೊಸ ಲೆಕ್ಕ ಬರೆಯಲು ಪೇಂಟರ್ ಬಂದಿದ್ದ, ವಾಪಸು ಕಳಿಸಿದೆ. ಹಸಿರು ಬಣ್ಣದ ಡಬ್ಬಿ, ಕುಂಚ ತಂದಿಟ್ಟಿದ್ದೇನೆ. ಗೋಡೆ ಖಾಲಿ ಇದೆ.

ಅಮ್ಮ


ಕೊಲ್ಹಾಪುರ
೪ ನವೆಂಬರ್ ೨೦೨೪

ಅಮ್ಮಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕುಳಿತು ಮೂರು ಹಾಳೆ ಹರಿದೆ. ನಾನೂ ಆರು ವರ್ಷ ಅಂಗಡಿಯಲ್ಲಿ ಬೇರೆಯವರ ಉಪ್ಪಿನಕಾಯಿ ಕೊಂಡಿಲ್ಲ. ಉಪ್ಪಿನಕಾಯಿ ಇಲ್ಲದೆಯೇ ಉಂಡಿದ್ದೇನೆ. ಇದನ್ನು ಫೋನಿನಲ್ಲಿ ಹೇಳಲು ನನಗೆ ಆಗುತ್ತಿರಲಿಲ್ಲ.

ಶುಕ್ರವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಶೇವಂತೆವ್ವನಿಗೆ ಹೇಳಿಕಳಿಸು, ಬೀಜ ತೆಗೆಯುವವಳು ಬರುತ್ತಿದ್ದಾಳೆ ಎಂದು. ಬಣ್ಣದ ಡಬ್ಬಿಯ ಮುಚ್ಚಳ ಭದ್ರವಾಗಿ ಹಾಕಿಡು, ಒಣಗೀತು. ಬದನೆಕಾಯಿ ಮಾಡಬೇಡ.

ಗೋಡೆಯ ಒಂದು ಸಾಲು ಬರೆಯಲು ಒಂದು ದಿನ ಸಾಕು. ಅಷ್ಟಕ್ಕೇ ರಜೆ ಬರೆದಿದ್ದೆ. ಆಮೇಲೆ ಅರ್ಜಿ ವಾಪಸು ಇಸಿದುಕೊಂಡು ಹತ್ತು ದಿನ ಎಂದು ತಿದ್ದಿಕೊಟ್ಟೆ. ಉಳಿದ ಒಂಬತ್ತು ದಿನ ಯಾವ ಕೆಲಸಕ್ಕೆ ಎಂದು ಮೇಲಧಿಕಾರಿ ಕೇಳಿದರು.

ಕೊಸರು ಅಂದೆ.

ನಿನ್ನ
ನಜಮಾ